ಅರ್ಥ್ ಸಿಕ್ಕ ಮೇಲೆ ಅರ್ಥವಾದ ಡೈನಮೋ

ಅಣ್ಣಿಗೇರಿ ದಾಟುವಷ್ಟರಲ್ಲಿ ಹೆಡ್‌ಲೈಟು ಹಣತೆಯಂತಾಗಿತ್ತು. ಸಣ್ಣಗೆ ಮಳೆ. ವೈಪರ್ ಗಾಜಿನ ಅರ್ಧಕ್ಕೆ ಏರಿ ಅಲ್ಲಿಯೇ ಕುಳಿತುಬಿಟ್ಟಿತು. ಗದುಗಿನಲ್ಲಿ ಮದುವೆ ಮುಗಿಸಿಕೊಂಡು ಧಾರವಾಡಕ್ಕೆ ಮರಳುತ್ತಿದ್ದೆವು. ಸ್ವಲ್ಪ ದೂರದಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು. ಆ ಬ್ಯಾಟರಿ ಕೊಂಡು ನಾಲ್ಕೇ ದಿನವಾಗಿತ್ತು! ಹೊಲದ ಮನೆಯೊಂದರವರು ಪುಣ್ಯವಂತರು, ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಕಳಚಿ ಎರವಲು ಕೊಟ್ಟರು. ಅದರ ಮೇಲೆಯೇ ಮನೆ ಸೇರಿದೆವು. ದಾರಿಯುದ್ದಕ್ಕೂ ಹೆಂಡತಿ ಏನೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕಾರು ಅಂಬಾಸಿಡರ್ ಮಾರ್ಕ್ 2, ಅಪ್ಪನ ಕಾಲದ್ದು. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬಲು ಅದರಲ್ಲಿ ಇರುವುದು ಈಗಿನ ಆಲ್ಟರ್ನೇಟರ್ ಅಲ್ಲ, ಡೈನಮೋ. ಅದರ ಜೊತೆಗೆ ಬಾನೆಟ್ಟಿನೊಳಗೆ ಒಂದು ಕಪ್ಪು ಪೆಟ್ಟಿಗೆ. ಮಿಸ್ತ್ರಿಗಳು ಅದಕ್ಕೆ ಕಟೌಟ್ ಎನ್ನುತ್ತಾರೆ. ನಿಜದಲ್ಲಿ ಅದರೊಳಗೆ ಎರಡು ಕಾಯಿಲ್‌ಗಳಿವೆ. ಒಂದು ಕಟೌಟ್: ಡೈನಮೋ ವೋಲ್ಟೇಜು 13ರ ಆಸುಪಾಸಿಗೆ ಬಂದಾಗ ಬ್ಯಾಟರಿಗೆ ದಾರಿ ತೆರೆಯುತ್ತದೆ, ಎಂಜಿನ್ ನಿಧಾನವಾದಾಗ ಮುಚ್ಚುತ್ತದೆ. ಮುಚ್ಚದಿದ್ದರೆ ಬ್ಯಾಟರಿಯ ಕರೆಂಟು ಹಿಂದಕ್ಕೆ ಡೈನಮೋಗೆ ಹರಿದು ಖಾಲಿಯಾಗುತ್ತದೆ. ಇನ್ನೊಂದು ರೆಗ್ಯುಲೇಟರ್: ವೋಲ್ಟೇಜು ಮಿತಿ ಮೀರದಂತೆ ಫೀಲ್ಡಿನ (ಡೈನಮೋದೊಳಗೆ ಅಯಸ್ಕಾಂತ ಹುಟ್ಟಿಸುವ ಕಾಯಿಲ್‌ನ) ಕರೆಂಟನ್ನು ಕ್ಷಣಕ್ಷಣಕ್ಕೂ ತಡೆದು ಬಿಡುತ್ತಿರುತ್ತದೆ.

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಪೂರ್ತಿ ಬಣ್ಣ ಬಳಿಸಿಕೊಂಡು ಬಂದ ಮೇಲೆ ಈ ತೊಂದರೆ ಶುರುವಾಗಿತ್ತು. ಆಗ ಎರಡಕ್ಕೂ ಸಂಬಂಧ ಇರಬಹುದೆಂದು ಹೊಳೆಯಲಿಲ್ಲ. ಮೊದಲು ನೋಡಿದ ಎಲೆಕ್ಟ್ರಿಷಿಯನ್ "ಬ್ಯಾಟರಿ ಹೋಗಿದೆ" ಎಂದ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದೆ. ಅದೂ ಮಲಗಿದ ಮೇಲೆ ಇನ್ನೊಬ್ಬರು ಬಂದು, "ಸಾಹೇಬರೇ, ಇದನ್ನು ರಿಪೇರಿ ಮಾಡುವವರು ಈಗ ಎಲ್ಲಿದ್ದಾರೆ? ಆಲ್ಟರ್ನೇಟರ್ ಹಾಕಿಸಿಬಿಡಿ" ಎಂದರು. ಸಲಹೆ ತಪ್ಪೇನಲ್ಲ, ಎಷ್ಟೋ ಜನ ಹಾಗೆಯೇ ಮಾಡಿದ್ದಾರೆ. ಆದರೆ ಮೀಟರ್ ಹಿಡಿಯದೆ ಹೇಳಿದ ಸಲಹೆ ಅದು. ನನಗೆ ಹಟ ಬಂತು.

ಹಟದಲ್ಲಿ ನಾನೂ ಅಳೆಯದೆಯೇ ಕೈಹಾಕಿದೆ. ಡೈನಮೋ ಇಳಿಸಿ ಬಿಚ್ಚಿದೆ, ಕಾರ್ಬನ್ ಬ್ರಷ್ ನೋಡಿದೆ, ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ಎಮರಿ ಪೇಪರಿನಿಂದ ತಿಕ್ಕಿದೆ. ಎಮರಿ ಬಳಸಲೇಬಾರದು. ಅದರ ಗಟ್ಟಿ ಪುಡಿ ತಾಮ್ರದಲ್ಲಿಯೂ ಪಟ್ಟಿಗಳ ನಡುವಿನ ಸಂದಿನಲ್ಲಿಯೂ ಕೂತು ಬ್ರಷ್ಷನ್ನು ತಿನ್ನುತ್ತದೆ. ನಯವಾದ ಉಪ್ಪುಕಾಗದ ಸಾಕು. ಸಂದು ಸಂದನ್ನೂ ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಕೆರೆದು ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು. ಬ್ರಷ್ಷುಗಳು ಚೆನ್ನಾಗಿಯೇ ಇದ್ದವು.

ಮರುದಿನ ಸಂಜೆ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಮಾಡಿದೆ. ಡೈನಮೋ ಮೇಲಿನ 'ಡಿ' (ಕರೆಂಟು ಹೊರಬರುವುದು) ಮತ್ತು 'ಎಫ್' (ಫೀಲ್ಡ್) ವೈರುಗಳೆರಡನ್ನೂ ಕಳಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ, ಅಲ್ಲಿಂದ ಕಾರಿನ ಲೋಹದ ಮೈಗೆ ಮೀಟರ್ ಹಿಡಿಯಬೇಕು. ಮುಳ್ಳಿನ ಮೀಟರೇ ಒಳ್ಳೆಯದು. ಬ್ರಷ್ ಕಿಡಿಗೆ ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯುತ್ತವೆ. ನಿಧಾನಕ್ಕೆ ಆಕ್ಸಿಲರೇಟರ್ ಕೊಟ್ಟರೆ ಮುಳ್ಳು ತಡೆಯಿಲ್ಲದೆ ಏರಬೇಕು. ಒಂದು ವೋಲ್ಟಿನೊಳಗೇ ನಿಂತರೆ ಫೀಲ್ಡ್ ಕಾಯಿಲ್ ಮೇಲೆ ಸಂಶಯಪಡಬೇಕು. ನನ್ನದು 20 ಮುಟ್ಟಿತು, ಕಾಲು ತೆಗೆದೆ. ಹೀಗೆ ಇಟ್ಟುಕೊಂಡು ಎಂಜಿನ್ ಓಡಿಸಬಾರದು. ಡೈನಮೋಗೆ ಏನೂ ಆಗಿರಲಿಲ್ಲ.

ವೈರು ಮತ್ತೆ ಜೋಡಿಸಿ ಪೆಟ್ಟಿಗೆಯ ಹತ್ತಿರ ಅಳೆದೆ. 'ಡಿ'ಯಲ್ಲಿ 20ಕ್ಕೂ ಮೇಲೆ, ಬ್ಯಾಟರಿಗೆ ಹೋಗುವ 'ಎ'ಯಲ್ಲಿ ಬರೀ 12. ಕಟೌಟ್ ದಾರಿ ತೆರೆಯುತ್ತಿಲ್ಲ ಎಂದಾಯಿತು. ಹಾಗಿದ್ದರೂ ರೆಗ್ಯುಲೇಟರ್ 20ರವರೆಗೆ ಏಕೆ ಬಿಟ್ಟಿತು? ಎರಡೂ ಒಟ್ಟಿಗೆ ಕೆಟ್ಟಿವೆಯೇ?

ಆಗ ನೆನಪಾಯಿತು ಡ್ಯಾಶ್‌ಬೋರ್ಡಿನ ಕೆಂಪು ದೀಪ. ಬಣ್ಣ ಬಳಿಸಿದಂದಿನಿಂದ ಅದು ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಎಂಜಿನ್ ವೇಗ ಏರಿದಂತೆ ಮಂಕಾಗಿ ಆರುತ್ತಿತ್ತು, ಇನ್ನೂ ಏರಿಸಿದರೆ ಮತ್ತೆ ಕೆಂಪಗೆ ಉರಿಯುತ್ತಿತ್ತು. ಇಬ್ಬರು ಎಲೆಕ್ಟ್ರಿಷಿಯನ್ನರಿಗೂ ಹೇಳಿದ್ದೆ, ನಕ್ಕುಬಿಟ್ಟಿದ್ದರು. ಆ ದೀಪದ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಡೈನಮೋ. ಎರಡೂ ಸಮವಾದಾಗ ಆರುತ್ತದೆ. ಡೈನಮೋ ಬ್ಯಾಟರಿಯನ್ನು ಮೀರಿ ಓಡಿದರೆ ಕರೆಂಟು ತಿರುಗುಮುರುಗಾಗಿ ಹರಿದು ಮತ್ತೆ ಹೊತ್ತಿಕೊಳ್ಳುತ್ತದೆ. ಅಷ್ಟು ದಿನವೂ ದೀಪ ಸರಿಯಾದ ದೂರನ್ನೇ ಹೇಳುತ್ತಿತ್ತು.

ಎರಡು ಕಾಯಿಲ್‌ಗಳೂ ಒಟ್ಟಿಗೆ ಸೋತಿವೆ ಎಂದರೆ ಎರಡಕ್ಕೂ ಸೇರಿದ ಜಾಗ ಯಾವುದು? ಪೆಟ್ಟಿಗೆಯ 'ಇ' ಟರ್ಮಿನಲ್, ಅಂದರೆ ಅರ್ಥ್: ಕರೆಂಟು ಕಾರಿನ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಮೀಟರಿನ ಒಂದು ಕಡ್ಡಿ 'ಇ'ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಸೊನ್ನೆ ಇರಬೇಕಾದಲ್ಲಿ ಹತ್ತು ದಾಟಿತು. 'ಇ'ಯಿಂದ ಹೊರಟ ಕಪ್ಪು ವೈರು ಕಾರಿನ ಮೈಗೆ ಸ್ಕ್ರೂ ಆಗಿರುವಲ್ಲಿಗೆ ಕೈ ಹೋಯಿತು. ಕ್ರೀಮ್ ಬಣ್ಣ ಎರಡು ಕೋಟು, ಅದರ ಮೇಲೆ ವೈರಿನ ಕಣ್ಣು, ಅದರ ಮೇಲೆ ಸ್ಕ್ರೂ. ಸ್ಕ್ರೂವಿನ ತೂತಿನೊಳಗೂ ಬಣ್ಣ. ಅಚ್ಚುಕಟ್ಟಾದ ಕೆಲಸ!

ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದು, ಹೊಳೆಯುವ ತಗಡು ಕಂಡ ಮೇಲೆ ವೈರು ಬಿಗಿದು ವ್ಯಾಸಲೀನ್ ಸವರಿದೆ. ಡೈನಮೋ ಬಿಚ್ಚಿದ್ದರಿಂದ ಒಂದು ಎಚ್ಚರಿಕೆ: 'ಎಫ್' ವೈರು ಕಳಚಿ, ಡೈನಮೋದ ಆ ಟರ್ಮಿನಲ್ಲಿಗೆ ಬ್ಯಾಟರಿಯ ಪಾಸಿಟಿವ್ ವೈರನ್ನು ಒಂದು ಕ್ಷಣ ತಾಗಿಸಿದೆ. ಒಳಗಿನ ಕಬ್ಬಿಣ ಸರಿಯಾದ ದಿಕ್ಕಿಗೆ ಅಯಸ್ಕಾಂತವಾಗಲು ಅಷ್ಟು ಸಾಕು. ಎಂಜಿನ್ ಹಚ್ಚಿ ವೇಗ ಕೊಟ್ಟೆ. ಪೆಟ್ಟಿಗೆಯೊಳಗೆ ಟಕ್ ಎಂದಿತು, ಕೆಂಪು ದೀಪ ಆರಿತು, ಮತ್ತೆ ಹೊತ್ತಲಿಲ್ಲ. ಬ್ಯಾಟರಿಯ ಮೇಲೆ 13.8.

ರೆಗ್ಯುಲೇಟರನ್ನೂ ಒಮ್ಮೆ ನೋಡಿದೆ. ಕಟೌಟಿನ ಪಾಯಿಂಟುಗಳ ನಡುವೆ ಕಾಗದದ ಚೂರು ಸಿಕ್ಕಿಸಿ, ಬ್ಯಾಟರಿ ಬೇರೆಯಾದ ಮೇಲೆ 'ಡಿ'ಯಲ್ಲಿ ಅಳೆದರೆ 16ಕ್ಕಿಂತ ತುಸು ಮೇಲೆ ಬರಬೇಕು, ನನ್ನದು ಸರಿಯಾಗಿಯೇ ಇತ್ತು. ಸ್ಕ್ರೂ ತಿರುಗಿಸಿ ಹೊಂದಿಸಬೇಕಾದರೆ ಅರ್ಧ ನಿಮಿಷದೊಳಗೆ ಮುಗಿಸಬೇಕು. ಕಾಯಿಲ್ ಬಿಸಿಯಾದರೆ ಅಂಕಿ ಸುಳ್ಳು ಹೇಳುತ್ತದೆ.

ಉಣಕಲ್ ಸಿಗ್ನಲ್ಲಿನಲ್ಲಿ ಚಿಗರಿ ಬಸ್ಸು ದಾಟುವವರೆಗೆ ಕಾಯುವಾಗ ಕೆಂಪು ದೀಪ ಈಗಲೂ ಮಿನುಗುತ್ತದೆ. ಐಡ್ಲಿಂಗಿನಲ್ಲಿ ಡೈನಮೋ ಅಷ್ಟೇ ಕೊಡುವುದು. ಹೆಂಡತಿ ದೀಪವನ್ನೂ ನನ್ನನ್ನೂ ನೋಡುತ್ತಾಳೆ. ನಾನು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತೇನೆ.