ನದಿ ಬಯಲಿನ ಮಣ್ಣುದಾರಿಯಲ್ಲಿ ಸೈಕಲ್: ಮೊದಲು ಮಣ್ಣು ನೋಡಿ, ಆಮೇಲೆ ಮ್ಯಾಪ್

ಗುಡ್ಡ ಇಲ್ಲ, ಲಾರಿ ಇಲ್ಲ, ಹಾರ್ನ್ ಇಲ್ಲ. ಇನ್ನೇನು ಕಷ್ಟ ಅಂತ ಹೊರಟವರು ಅರ್ಧ ದಾರಿಗೇ ಸುಸ್ತಾಗಿ ಕೂರುವುದು ನದಿ ಬಯಲಿನಲ್ಲಿ ಮಾಮೂಲು. ಏರು ಇಲ್ಲ ಅಂದರೆ ಇಳಿಜಾರೂ ಇಲ್ಲ, ಅಲ್ವಾ? ಗುಡ್ಡದ ಕಡೆ ಹತ್ತಿದ ಕಷ್ಟಕ್ಕೆ ಇಳಿಯುವಾಗ ಸುಮ್ನೆ ಕೂತು ಸುಧಾರಿಸಿಕೊಳ್ಳಬಹುದು. ಇಲ್ಲಿ ಮೂರು ತಾಸು ಅಂದರೆ ಮೂರು ತಾಸೂ ತುಳಿಯುತ್ತಲೇ ಇರಬೇಕು. ಅದರ ಮೇಲೆ ಮಣ್ಣು ಹಿಂದಕ್ಕೆ ಎಳೆಯುತ್ತದೆ, ಗಾಳಿ ಎದುರಿಗೆ ಬರುತ್ತದೆ, ದಾಟಬೇಕಾದ ಸೇತುವೆ ಎಲ್ಲೋ ದೂರದಲ್ಲಿರುತ್ತದೆ. ಮಣ್ಣು, ಗಾಳಿ, ಸೇತುವೆ. ಹೊರಡುವ ಮೊದಲು ಈ ಮೂರರ ಲೆಕ್ಕ ಹಾಕಿಕೊಳ್ಳಿ. ಸೈಕಲ್ ಯಾವುದು, ಬಟ್ಟೆ ಯಾವುದು ಅನ್ನುವ ಚರ್ಚೆ ಆಮೇಲಿನದು.

ಮಣ್ಣು

ನದಿ ಉಕ್ಕಿ ದಂಡೆ ದಾಟಿದ ಕೂಡಲೇ ನೀರಿನ ವೇಗ ತಗ್ಗುತ್ತದೆ. ದಪ್ಪ ಕಣ, ಅಂದರೆ ಮರಳು, ದಂಡೆ ಪಕ್ಕದಲ್ಲೇ ಬೀಳುತ್ತದೆ. ನುಣ್ಣನೆಯ ಹೂಳು ಮತ್ತು ಜೇಡಿ ನೀರಿನ ಜೊತೆ ದೂರ ಹೋಗಿ ತಗ್ಗಿನಲ್ಲಿ ನಿಧಾನವಾಗಿ ತಂಗುತ್ತವೆ. ಸಾವಿರಾರು ವರ್ಷ ಇದೇ ನಡೆದಿರುವುದರಿಂದ ನದಿಗೆ ಹತ್ತಿರದ ನೆಲ ತುಸು ಎತ್ತರವಾಗಿ, ಮರಳು ಮರಳಾಗಿ ಇರುತ್ತದೆ. ದೂರದ ನೆಲ ತಗ್ಗು, ಅಲ್ಲಿ ಜೇಡಿ ಜಾಸ್ತಿ. ಮ್ಯಾಪಿನಲ್ಲಿ ಎರಡು ಕಡೆಯ ದಾರಿಯೂ ಒಂದೇ ಥರದ ಗೆರೆ, ಆದರೆ ಮಳೆ ಬಂದ ಮಾರನೇ ದಿನ ಒಂದರಲ್ಲಿ ಸಲೀಸಾಗಿ ಹೋಗಬಹುದು, ಇನ್ನೊಂದರಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬಿಸಿಲು ಕಾಲದಲ್ಲಿ ಇದು ಉಲ್ಟಾ. ಒಣ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಒಣಗಿದ ಜೇಡಿ ಮಾತ್ರ ಗಟ್ಟಿ ನೆಲ. ಹಾಗಾಗಿ ಮಳೆಯಾದ ಮೇಲೆ ನದಿ ಹತ್ತಿರದ ದಾರಿ, ಒಣ ದಿನಗಳಲ್ಲಿ ಹೊಲದ ನಡುವಿನ ದಾರಿ ಅಂತ ಇಟ್ಟುಕೊಂಡರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಅನುಮಾನ ಬಂದರೆ ಇಳಿದು ಚಿಟಿಕೆ ಒದ್ದೆ ಮಣ್ಣು ತೆಗೆದು ಬೆರಳುಗಳ ನಡುವೆ ಹೊಸೆಯಿರಿ. ತುಂಡಾಗದೆ ಬತ್ತಿಯಂತೆ ಉದ್ದಕ್ಕೆ ಬಂದರೆ ಜೇಡಿ, ಮುಂದೆ ಹೋಗಬೇಡಿ. ಉದುರಿದರೆ ಮರಳು ಸೇರಿದೆ, ಧೈರ್ಯವಾಗಿ ಹೋಗಿ.

ಜೇಡಿಯ ತಂಟೆ ಒಮ್ಮೆಲೇ ಗೊತ್ತಾಗುವುದಿಲ್ಲ. ಮೊದಲ ಒಂದಷ್ಟು ದೂರ ಚೆನ್ನಾಗೇ ಇರುತ್ತದೆ. ಆಮೇಲೆ ಟೈರಿನ ಮೇಲೆ ಒಂದು ಪದರ ಕೂರುತ್ತದೆ, ಆ ಪದರಕ್ಕೆ ಕಲ್ಲು, ಹುಲ್ಲು, ಒಣ ಕೂಳೆ ಅಂಟುತ್ತವೆ, ಎಲ್ಲ ಸೇರಿ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೆಳಗೆ ತುಂಬಿಕೊಂಡು ಕರಕರ ಸದ್ದು ಶುರುವಾಗುತ್ತದೆ. ಆ ಸದ್ದು ಕೇಳಿದ ತಕ್ಷಣ ಇಳಿಯಿರಿ. ಹಟಕ್ಕೆ ಬಿದ್ದು ಜೋರಾಗಿ ತುಳಿದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್‌ಗೆ ಕಸ ಸಿಕ್ಕಿ ಅದು ಚಕ್ರದ ಕಡ್ಡಿಗಳೊಳಗೆ ಮಡಚಿಕೊಳ್ಳುತ್ತದೆ, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ನಿಮ್ಮ ಸೈಕಲ್ಲಿಗೇ ಹೊಂದುವ ಒಂದು ಹ್ಯಾಂಗರ್ ಬ್ಯಾಗಿನಲ್ಲಿ ಇರಲೇಬೇಕು, ಸಾಮಾನ್ಯವಾಗಿ ಮಾಡೆಲ್ಲಿಂದ ಮಾಡೆಲ್ಲಿಗೆ ಅದು ಬೇರೆ ಇರುತ್ತದೆ, ದಾರಿಯಲ್ಲಿ ಯಾರ ಹತ್ತಿರವೂ ಸಿಗುವುದಿಲ್ಲ. ಇಳಿದ ಮೇಲೆ ಒಂದು ಕಡ್ಡಿಯಿಂದ ಫೋರ್ಕ್, ಬ್ರೇಕ್, ಹಿಂಬದಿ ಸಂದು ಕೆರೆದು, ದಾರಿ ಬದಿಯ ಹುಲ್ಲಿನ ಮೇಲೆ ತಳ್ಳಿಕೊಂಡು ನಡೆಯಿರಿ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿರುವುದರಿಂದ ಅಲ್ಲಿ ಅಷ್ಟಾಗಿ ಅಂಟುವುದಿಲ್ಲ.

ದಾರಿ ಹುಡುಕುವುದು

ಬಯಲಿನಲ್ಲಿ ವಾಹನ ಕಾಟವಿಲ್ಲದ ದಾರಿ ಮುಖ್ಯವಾಗಿ ನಾಲ್ಕು ಥರ: ನದಿಯ ಪ್ರವಾಹ ತಡೆಯಲು ಕಟ್ಟಿದ ಏರಿ, ಕಾಲುವೆ ಪಕ್ಕದ ದುರಸ್ತಿ ದಾರಿ, ಹೊಲಕ್ಕೆ ಹೋಗುವ ಬಂಡಿದಾರಿ, ಮತ್ತು ಹಳಿ ಕಿತ್ತ ಹಳೇ ರೈಲು ದಾರಿ. ನನ್ನ ಓಟು ಕೊನೆಯದಕ್ಕೆ. ರೈಲಿಗಾಗಿ ಹಾಕಿದ ದಾರಿಯಲ್ಲಿ ಕಡಿದಾದ ಏರು ಇರುವುದಿಲ್ಲ, ತಿರುವು ದೊಡ್ಡದು, ನೆಲ ಚೆನ್ನಾಗಿ ಕೂತಿರುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಕೇಟಿ ಟ್ರೇಲ್ ಇಂಥದ್ದೇ. ಸುಮಾರು 386 ಕಿಲೋಮೀಟರ್ ಉದ್ದ, ನುಣ್ಣಗೆ ಪುಡಿ ಮಾಡಿದ ಸುಣ್ಣಕಲ್ಲು ಹಾಸಿದ್ದಾರೆ, ಬಹುಭಾಗ ಮಿಸೌರಿ ನದಿಯ ಪಕ್ಕದಲ್ಲೇ ಸಾಗುತ್ತದೆ. ನದಿ ಪಕ್ಕ ಇದ್ದ ತಪ್ಪಿಗೆ 1993ರ ಮಹಾಪ್ರವಾಹದಲ್ಲಿ ಅದು ದೂರ ದೂರದವರೆಗೆ ಹಾಳಾಗಿ, ಮತ್ತೆ ಸರಿ ಮಾಡಬೇಕಾಯಿತು.

ಓಪನ್‌ಸ್ಟ್ರೀಟ್‌ಮ್ಯಾಪ್‌ ಅನ್ನುವ ಉಚಿತ ಆನ್‌ಲೈನ್ ಮ್ಯಾಪಿನಲ್ಲಿ ಹೊಲದ ದಾರಿಗಳಿಗೆ ಗ್ರೇಡ್ 1ರಿಂದ ಗ್ರೇಡ್ 5ರವರೆಗೆ ದರ್ಜೆ ಕೊಟ್ಟಿರುತ್ತಾರೆ. 1 ಅಂದರೆ ಗಟ್ಟಿ, 5 ಅಂದರೆ ಮೆತ್ತಗಿನ ಬರೀ ಮಣ್ಣು ಅಥವಾ ಹುಲ್ಲು. 2 ಮತ್ತು 3 ಇದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸಿ. 4 ಇದ್ದರೆ ಒಣ ದಿನಕ್ಕೆ ಮಾತ್ರ. 5 ನನ್ನ ಕೈಯಲ್ಲಿ ಆಗುವುದಿಲ್ಲ, ನಿಮ್ಮಿಷ್ಟ. ಖಾಸಗಿ ಅಂತ ಗುರುತಿದ್ದರೆ ಬಿಟ್ಟುಬಿಡಿ. ಆಮೇಲೆ ಉಪಗ್ರಹ ಚಿತ್ರ ತೆರೆದು ದಾರಿಯುದ್ದಕ್ಕೂ ಕಣ್ಣಾಡಿಸಿ. ಎರಡು ಬಿಳಿ ಗೆರೆ, ನಡುವೆ ಹಸಿರು ಪಟ್ಟಿ ಕಂಡರೆ ಟ್ರ್ಯಾಕ್ಟರ್ ಓಡಾಡುವ, ನೆಲ ಕೂತ ದಾರಿ. ಗೆರೆ ಹೊಲದ ಬಣ್ಣದಲ್ಲೇ ಕರಗಿಹೋದರೆ ಅಲ್ಲಿ ದಾರಿಯೇ ಇಲ್ಲ, ಉಳುಮೆ ಆಗಿದೆ. ಹಳೇ ನದಿ ಪಾತ್ರ ತುಂಡಾಗಿ ಉಳಿದ ಬಿಲ್ಲಿನಾಕಾರದ ಕೆರೆಗಳನ್ನೂ ಗಮನಿಸಿ, ದಾರಿ ಅದರ ತನಕ ಹೋಗಿ ಸುಮ್ನೆ ನಿಂತುಬಿಡುತ್ತದೆ.

ಇನ್ನು ಸೇತುವೆ. ದೊಡ್ಡ ನದಿಗೆ ಸೇತುವೆ ಕಟ್ಟುವುದು ದುಬಾರಿ, ಅದಕ್ಕೇ ಅವು ದೂರ ದೂರ. ಎದುರು ದಡದ ಊರು ಕಣ್ಣಿಗೆ ಕಾಣುತ್ತಿರುತ್ತದೆ, ಹೋಗಬೇಕೆಂದರೆ ಬಳಸಿಕೊಂಡು ಗಂಟೆಗಟ್ಟಲೆ ದಾರಿ. ಆದ್ದರಿಂದ ಮೊದಲು ಸೇತುವೆಗಳನ್ನು ಗುರುತು ಹಾಕಿಕೊಂಡು, ಅವುಗಳ ನಡುವೆ ದಾರಿ ಹೆಣೆಯಿರಿ. ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ಬರುವ ಸುತ್ತು ಚೆನ್ನ, ಆದರೆ ನಡುವೆ ಸುಸ್ತಾದರೆ ಅಡ್ಡ ದಾರಿ ಇರುವುದಿಲ್ಲ ಅನ್ನುವುದು ತಲೆಯಲ್ಲಿರಲಿ. ದೋಣಿ ನಂಬಿ ಹೋಗುವುದಾದರೆ ಅದು ಆ ದಿನ, ಆ ಹೊತ್ತಿಗೆ ಇದೆಯೇ ಅಂತ ಕೇಳಿಕೊಳ್ಳಿ. ಸೇತುವೆ ಮೇಲೆ ಮಾತ್ರ ವಾಹನಗಳು ಸಿಗುತ್ತವೆ, ಅದಕ್ಕೊಂದು ಹಿಂಬದಿ ಲೈಟ್ ಇರಲಿ.

ಗಾಳಿ

ಬಯಲಿನಲ್ಲಿ ಏರು ಅಂದರೆ ಗಾಳಿಯೇ. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರಿಂದ 20 ಕಿ.ಮೀ. ಗಾಳಿ ಬಂದರೆ ಮೈಗೆ ತಾಗುವುದು 40ರ ಗಾಳಿ, ಅದರ ತಡೆ ಗಾಳಿಯಿಲ್ಲದ ದಿನದ ನಾಲ್ಕು ಪಟ್ಟು. ಏರಿ ಮೇಲಂತೂ ಮರೆ ಅನ್ನುವುದೇ ಇಲ್ಲ. ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಇರುವ ಹಾಗೆ ದಿಕ್ಕು ಆರಿಸಿ. ಗಾಳಿ ಜಾಸ್ತಿ ಆದರೆ ಏರಿಯಿಂದ ಕೆಳಗಿನ ದಾರಿಗೆ ಇಳಿಯಿರಿ, ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ವೇಗದ ಕಡೆ ನೋಡಬೇಡಿ, ಗೇರ್ ಇಳಿಸಿ, ಕಾಲು ಹಗುರಾಗಿ ತಿರುಗಲಿ. ತುಳಿಯುವುದಕ್ಕೆ ಬಿಡುವೇ ಇಲ್ಲದ್ದರಿಂದ ಕುಂಡೆಯೂ ಅಂಗೈಯೂ ಬೇಗ ನೋಯುತ್ತವೆ. ಆಗಾಗ ಎದ್ದು ನಿಂತು ತುಳಿಯಿರಿ, ಹ್ಯಾಂಡಲ್ ಮೇಲೆ ಕೈ ಜಾಗ ಬದಲಿಸುತ್ತಿರಿ.

ಟೈರ್ ಮತ್ತು ಓಡಿಸುವ ಬಗೆ

40ರಿಂದ 45 ಮಿ.ಮೀ. ಅಗಲದ ಟೈರ್ ಈ ನೆಲಕ್ಕೆ ಸರಿ, ಮರಳು ಜಾಸ್ತಿ ಇದ್ದರೆ 50 ಇನ್ನೂ ಒಳ್ಳೆಯದು. 70 ಕೆ.ಜಿ. ತೂಕದವರಿಗೆ ಟ್ಯೂಬ್‌ಲೆಸ್ ಟೈರಿನಲ್ಲಿ ಸುಮಾರು 28ರಿಂದ 35 ಪಿಎಸ್‌ಐ ಒತ್ತಡದ ಗಾಳಿ ಸಾಕು. ಟ್ಯೂಬ್ ಇದ್ದರೆ ಸ್ವಲ್ಪ ಜಾಸ್ತಿ ಹಾಕಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ಮಿನ ಅಂಚಿಗೆ ಸಿಕ್ಕಿ ಟ್ಯೂಬ್ ತೂತಾಗುತ್ತದೆ. ಫ್ರೇಮಿಗೂ ಟೈರಿಗೂ ನಡುವೆ ಕನಿಷ್ಠ 6 ಮಿ.ಮೀ. ಸಂದು ಇರಲಿ.

ಟ್ಯೂಬ್‌ಲೆಸ್ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ನೆಗ್ಗಿಲು ಮುಳ್ಳು. ಬಿಸಿಲು ಬೀಳುವ ಮರಳು ನೆಲ, ದಾರಿ ಬದಿ, ಏರಿ ಇಳಿಜಾರು ಅದಕ್ಕೆ ಬಲು ಇಷ್ಟ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಟೈರಿಗೆ ಚುಚ್ಚಿದ್ದು ಕಂಡರೆ ಅಲ್ಲೇ ಕೀಳುವ ಮೊದಲು ಯೋಚಿಸಿ: ಒಳಗೆ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಇದ್ದರೆ ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ಬಿಡಿ, ಮುಚ್ಚಿಕೊಳ್ಳುತ್ತದೆ. ಬರೀ ಟ್ಯೂಬ್ ಇದ್ದು ಗಾಳಿ ಇನ್ನೂ ನಿಂತಿದ್ದರೆ, ನೆರಳು ಸಿಗುವ ತನಕ ಮುಳ್ಳು ಅಲ್ಲೇ ಇರಲಿ.

ಸಡಿಲ ಜಲ್ಲಿಯಲ್ಲಿ ಹ್ಯಾಂಡಲ್ ಬಿಗಿ ಹಿಡಿದವರೇ ಬೀಳುವುದು. ಹಿಡಿತ ಸಡಿಲ ಬಿಡಿ, ಸೈಕಲ್ ಕೊಂಚ ಅಲ್ಲಾಡಲಿ. ಬ್ರೇಕ್ ತಿರುವಿಗೆ ಮೊದಲೇ ಹಿಡಿದು, ತಿರುವಿನಲ್ಲಿ ಬಿಡಿ. ಮರಳು ಬಂದರೆ ಮೊದಲೇ ಗೇರ್ ಇಳಿಸಿ, ತೂಕ ಹಿಂದಕ್ಕೆ ಹಾಕಿ, ನೇರ ನೋಡುತ್ತಾ ತುಳಿಯುವುದನ್ನು ನಿಲ್ಲಿಸದೆ ದಾಟಿ. ಟ್ರ್ಯಾಕ್ಟರ್ ಜಾಡಿನಲ್ಲಿ ಒಂದೇ ಗಾಲಿಯ ಗೆರೆ ಹಿಡಿದು ಹೋಗಿ. ಇನ್ನೊಂದಕ್ಕೆ ದಾಟಬೇಕೆಂದರೆ ನಡುವಿನ ದಿಬ್ಬವನ್ನು ಓರೆಯಾಗಿ ಸವರಿಕೊಂಡು ಹತ್ತಬೇಡಿ, ಮುಂದಿನ ಚಕ್ರ ಜಾರುತ್ತದೆ.

ಹೊಲದವರ ಜಾಗ ಇದು

ವಾಹನ ಇಲ್ಲದ ದಾರಿ ಅಂದರೆ ಯಾರೂ ಇಲ್ಲದ ದಾರಿ ಅಲ್ಲ. ನಿಮಗದು ಭಾನುವಾರದ ಸವಾರಿ, ಅವರಿಗೆ ಕೆಲಸದ ಜಾಗ. ಟ್ರ್ಯಾಕ್ಟರೋ ಕೊಯ್ಲು ಯಂತ್ರವೋ ಬಂದರೆ ಪೂರ್ತಿ ಬದಿಗೆ ಸರಿದು ಕಾಲೂರಿ ನಿಲ್ಲಿ. ಹಿಂದಿನಿಂದ ದಾಟಬೇಕೆಂದರೆ ಚಾಲಕ ನಿಮ್ಮನ್ನು ನೋಡಿ ಕೈ ಮಾಡುವ ತನಕ ಕಾಯಿರಿ, ಅಗಲವಾದ ಯಂತ್ರದ ಹಿಂದೆ ಇರುವವರು ಅವರಿಗೆ ಕಾಣುವುದೇ ಇಲ್ಲ. ಔಷಧಿ ಹೊಡೆಯುತ್ತಿದ್ದರೆ ಗಾಳಿ ಬರುವ ಕಡೆ ನಿಂತು ಮುಗಿಯುವ ತನಕ ಕಾಯಿರಿ. ಗೇಟು ಹೇಗಿತ್ತೋ ಹಾಗೇ ಬಿಡಿ: ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿ. ನೀರಿನ ಪೈಪ್ ಮೇಲೆ ಸೈಕಲ್ ಹಾಯಿಸಬೇಡಿ, ಎತ್ತಿ ದಾಟಿಸಿ. ಬೇಲಿಗೆ ಒರಗಿಸುವ ಮುನ್ನ ಕರೆಂಟ್ ಇದೆಯೇ ನೋಡಿ. ಒದ್ದೆ ದಾರಿಯಲ್ಲಿ ನೀವು ಕೊರೆದ ಜಾಡು ಒಣಗಿದ ಮೇಲೆ ಗಟ್ಟಿಯಾಗಿ ಉಳಿದುಬಿಡುತ್ತದೆ, ಆಮೇಲೆ ಅದರಲ್ಲಿ ಓಡಾಡುವವರು ಅವರೇ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ ಅಡ್ಡ ಇಟ್ಟುಕೊಂಡು ನಡೆಯಿರಿ, ಸುಮಾರು ನಾಯಿಗಳಿಗೆ ಓಡುವ ಚಕ್ರದ ಮೇಲೆ ಮಾತ್ರ ಕೋಪ.

ನೀರಿನ ವಿಷಯ ಎರಡು ಮಾತು. ಸುತ್ತ ನೀರೇ ಇದ್ದರೂ ಕುಡಿಯುವುದಕ್ಕೆ ಆಗುವುದಿಲ್ಲ. ಸಣ್ಣ ಫಿಲ್ಟರ್‌ಗಳು ಕ್ರಿಮಿಗಳನ್ನು ತಡೆಯುತ್ತವೆ, ಹೊಲದಿಂದ ಹರಿದು ಬಂದ ಗೊಬ್ಬರ, ಕೀಟನಾಶಕಗಳನ್ನಲ್ಲ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ಹೊತ್ತುಕೊಳ್ಳಿ, ಬಿಸಿಲಿಗೆ ಇನ್ನೂ ಜಾಸ್ತಿ. ಹಾಗೇ, ತಗ್ಗು ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ವಾಪಸ್ ಹೋಗಿ. ವೇಗವಾಗಿ ಹರಿಯುವ 15 ಸೆಂ.ಮೀ. ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು. ಮಳೆ ನಿಮ್ಮ ತಲೆ ಮೇಲೇ ಬಂದಿರಬೇಕು ಅಂತೇನಿಲ್ಲ, ಮೇಲೆಲ್ಲೋ ಅಣೆಕಟ್ಟಿನ ಬಾಗಿಲು ತೆಗೆದರೂ ನೀರು ಏರುತ್ತದೆ.

ಮನೆಗೆ ಬಂದ ಮೇಲೆ ಜೋರು ಪಂಪಿನ ನೀರಿನಿಂದ ತೊಳೆಯಬೇಡಿ, ಬೇರಿಂಗ್ ಒಳಗೆ ನೀರೂ ಧೂಳೂ ನುಗ್ಗುತ್ತವೆ. ಒಣ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಒದ್ದೆ ಬಟ್ಟೆ. ಚೈನಿಗೆ ಹಳೇ ಎಣ್ಣೆಯ ಮೇಲೇ ಹೊಸ ಎಣ್ಣೆ ಸುರಿದರೆ ಧೂಳಿನ ಜೊತೆ ಸೇರಿ ಹಲ್ಲುಗಳನ್ನು ಸವೆಸುತ್ತದೆ, ಒರೆಸಿ ಹಾಕಿ. ಟೈರ್ ನಿಧಾನವಾಗಿ ತಿರುಗಿಸಿ ಉಳಿದ ಮುಳ್ಳುಗಳನ್ನು ಕೀಳಿ. ಸೀಲಂಟ್ ಕೆಲವು ತಿಂಗಳಿಗೆ ಒಣಗಿಹೋಗುತ್ತದೆ, ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ದ್ರವದ ಸದ್ದು ಬರದಿದ್ದರೆ ಮುಂದಿನ ಸವಾರಿಗೆ ಮೊದಲೇ ತುಂಬಿಸಿಕೊಳ್ಳಿ.