ಸೋಂಕು ತಗಲಿದ ಗ್ರಾಫ್ಟಿನ ಜಾಗಕ್ಕೆ ತೊಡೆಯ ಅಭಿಧಮನಿ: ನನ್ನ ಅನುಭವ

ಹೊಟ್ಟೆಯ ಮಹಾಪಧಮನಿಗೆ ಡೇಕ್ರಾನ್ ಗ್ರಾಫ್ಟ್ (ರಕ್ತನಾಳದ ಬದಲಿಗೆ ಹೊಲಿಯುವ ಕೃತಕ ಬಟ್ಟೆಯ ಕೊಳವೆ) ಹಾಕಿಸಿಕೊಂಡವರಿಗೆ ಬಿಟ್ಟು ಬಿಟ್ಟು ಸಣ್ಣ ಜ್ವರ, ಬೆನ್ನುನೋವು, ತೊಡೆಸಂದಿನ ಹಳೇ ಗಾಯದಲ್ಲಿ ಕೀವು ಕಂಡರೆ, ಬೇರೆ ಕಾರಣ ಸಾಬೀತಾಗುವವರೆಗೂ ಅದು ಗ್ರಾಫ್ಟಿನ ಸೋಂಕು ಎಂದೇ ಹಿಡಿಯುತ್ತೇನೆ. ಕೆ.ಆರ್. ಪೇಟೆ, ಮಳವಳ್ಳಿ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿಗೆ ಬರುವ ಹೊತ್ತಿಗೆ ಎಷ್ಟೋ ಜನ ವಿಡಾಲ್ ಪರೀಕ್ಷೆ ಮಾಡಿಸಿ, ಟೈಫಾಯಿಡ್ ಎಂದುಕೊಂಡು ಎರಡು ಮೂರು ಬಗೆಯ ಆ್ಯಂಟಿಬಯಾಟಿಕ್ ನುಂಗಿರುತ್ತಾರೆ. ಆಮೇಲೆ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯುವುದಿಲ್ಲ. ರೋಗಿ ಸ್ಥಿರವಾಗಿದ್ದರೆ ಔಷಧ ನಿಲ್ಲಿಸಿ, ಬೇರೆ ಬೇರೆ ಜಾಗದಿಂದ ಮೂರು ಜೊತೆ ರಕ್ತದ ಕಲ್ಚರ್ ತೆಗೆಯುತ್ತೇವೆ. ಚಳಿನಡುಕ ಇದ್ದು ಬಿಪಿ ಇಳಿಯುತ್ತಿದ್ದರೆ ಕಲ್ಚರ್ ತೆಗೆದ ಕೂಡಲೇ ವ್ಯಾಂಕೊಮೈಸಿನ್, ಜೊತೆಗೆ ಮೆರೊಪೆನೆಮ್.

ಸಿಟಿ ಆ್ಯಂಜಿಯೋದಲ್ಲಿ (ರಕ್ತನಾಳಗಳ ಸ್ಕ್ಯಾನ್) ಗ್ರಾಫ್ಟಿನ ಸುತ್ತ, ಅದನ್ನು ಹಾಕಿ 7 ವಾರ ಕಳೆದ ಮೇಲೂ ಗಾಳಿ, 3 ತಿಂಗಳ ಮೇಲೂ ದ್ರವ ಉಳಿದಿದ್ದರೆ ಅದು ಬಲವಾದ ಸಾಕ್ಷಿ. ಸೋಂಕಿನ ಜಾಗ ಹೊಳೆದು ಕಾಣುವ ಪೆಟ್-ಸಿಟಿ ಸ್ಕ್ಯಾನ್ ಸಹಾಯಕ್ಕೆ ಬರುತ್ತದೆ, ಆದರೆ ಹೊಸ ಗ್ರಾಫ್ಟ್ ಸೋಂಕಿಲ್ಲದೆಯೂ ಹೊಳೆಯುತ್ತದೆ. ಮೊದಲ ಕೆಲವು ತಿಂಗಳು ಅದೊಂದನ್ನೇ ನಂಬಿ ಹೊಟ್ಟೆ ತೆರೆಯಬಾರದು.

ಗ್ರಾಫ್ಟ್ ತೆಗೆಯಲೇಬೇಕು ಎಂದಾದ ಮೇಲೆ ಆ ಜಾಗಕ್ಕೆ ಏನು ಹಾಕುವುದು? ಕಂಕುಳ ಹತ್ತಿರದ ಅಪಧಮನಿಯಿಂದ ತೊಡೆಗೆ ಚರ್ಮದಡಿ ಬೈಪಾಸ್ ಮಾಡಿ, ಮಹಾಪಧಮನಿಯ ತುದಿಯನ್ನು ಹೊಲಿದು ಮುಚ್ಚುವುದು ಹಳೆಯ ದಾರಿ. ಆ ಮುಚ್ಚಿದ ತುದಿ ಸೋಂಕಿನಲ್ಲೇ ಕೂತಿರುತ್ತದೆ. ಅದು ಒಡೆದರೆ ರೋಗಿ ಉಳಿಯುವುದು ಅಪರೂಪ. ದಾನಿಯ ಶೀತಲೀಕೃತ ಅಪಧಮನಿ ನಮ್ಮ ಕಡೆ ಬೇಕೆಂದಾಗ ಸಿಗುವುದಿಲ್ಲ. ತೊಡೆಯ ಆಳದ ಅಭಿಧಮನಿ, ಅಂದರೆ ಫೆಮೊರಲ್ ವೇನ್, ರೋಗಿಯ ಮೈಯಲ್ಲೇ ಇದೆ, ಕೊಳ್ಳಬೇಕಾಗಿಲ್ಲ, ಸೋಂಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಡಲ್ಲಾಸ್‌ನ ಕ್ಲಾಗೆಟ್ ತಂಡ 1993ರಲ್ಲಿ ಪ್ರಕಟಿಸಿದ ಈ ವಿಧಾನವೇ ನನ್ನ ಮೊದಲ ಆಯ್ಕೆ. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆ ಸಮಯ ಕೊಡುವುದು ಸಾರ್ಥಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎರಡೂ ತೊಡೆ ನೋಡುತ್ತೇವೆ. ಅಭಿಧಮನಿ 6 ಮಿ.ಮೀ.ಗಿಂತ ಕಿರಿದಾಗಿದ್ದರೆ, ಒಳಗೆ ಹಳೇ ಹೆಪ್ಪು ಇದ್ದರೆ ಬೇಡ. ಹೃದಯದ ಬೈಪಾಸ್‌ಗೆಂದು ಅದೇ ಕಾಲಿನ ಸಫೀನಸ್ (ಚರ್ಮದಡಿಯ ಉದ್ದ ಅಭಿಧಮನಿ) ತೆಗೆದಿದ್ದಾರೆಯೇ ಎಂದು ಕೇಳಲೇಬೇಕು. ಎರಡೂ ಹೋದ ಕಾಲು ವಿಪರೀತ ಊದಿಕೊಳ್ಳುತ್ತದೆ.

ಹೊಟ್ಟೆ ತೆರೆಯುವ ಮೊದಲು ತೊಡೆಯ ಕೆಲಸ, ಬೇರೆಯದೇ ಟ್ರೇ, ಬೇರೆ ಗ್ಲೌಸ್. ಕೀವಿರುವ ತೊಡೆಸಂದನ್ನು ಅಂಟುಹಾಳೆಯಿಂದ ಮುಚ್ಚಿರಬೇಕು. ತೊಡೆಯ ಮುಂಭಾಗದಲ್ಲಿ ಓರೆಯಾಗಿ ಹಾದುಹೋಗುವ ಸಾರ್ಟೋರಿಯಸ್ ಸ್ನಾಯುವಿನ ಹೊರ ಅಂಚಿನ ಗುಂಟ ಕುಯ್ದು ಸ್ನಾಯುವನ್ನು ಒಳಗಡೆಗೆ ಸರಿಸುತ್ತೇವೆ. ಅದರ ರಕ್ತ ಪೂರೈಕೆ ಒಳಬದಿಯಿಂದ ಬರುವುದರಿಂದ ಆ ಕಡೆ ಕೈ ಹಾಕಿದರೆ ಸ್ನಾಯು ಸತ್ತು ಗಾಯ ಬಿಚ್ಚಿಕೊಳ್ಳುತ್ತದೆ. ಕವಲುಗಳು ತುಂಬಾ ಇರುತ್ತವೆ. ಸಣ್ಣವಕ್ಕೆ ಗಂಟು, ದೊಡ್ಡವಕ್ಕೆ ಚುಚ್ಚಿ ಹೊಲಿಗೆ: ಬರೀ ಗಂಟು ಮಹಾಪಧಮನಿಯ ಒತ್ತಡಕ್ಕೆ ಜಾರುತ್ತದೆ. ಮೇಲ್ತುದಿಯಲ್ಲಿ ಪ್ರೊಫಂಡಾ ಅಭಿಧಮನಿ (ತೊಡೆಯ ಒಳಸ್ನಾಯುಗಳಿಂದ ಬರುವ ಇನ್ನೊಂದು ಅಭಿಧಮನಿ) ಸೇರುವ ಜಾಗಕ್ಕೆ ಸರಿಯಾಗಿ, ಮೋಟು ಉಳಿಯದಂತೆ ಕತ್ತರಿಸಬೇಕು. ಮೋಟು ಉಳಿದರೆ ಅಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಪ್ರೊಫಂಡಾಕ್ಕೆ ಧಕ್ಕೆಯಾಗಬಾರದು, ಇನ್ನು ಮುಂದೆ ಆ ಕಾಲಿನ ರಕ್ತ ವಾಪಸಾಗುವುದು ಮುಖ್ಯವಾಗಿ ಅದರಿಂದಲೇ. ಕೆಳಗೆ ಮೊಣಕಾಲಿನವರೆಗೂ ಬಿಡಿಸಬಹುದು. ಬಿಡಿಸಿದ್ದನ್ನು ಬೇಕಾಗುವ ಗಳಿಗೆಯವರೆಗೆ ಕತ್ತರಿಸದೆ ಅಲ್ಲೇ ಬಿಟ್ಟಿರುತ್ತೇನೆ.

ಅಭಿಧಮನಿಯನ್ನು ಒಳಹೊರಗು ಮಾಡಿ, ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವ ಅದರೊಳಗಿನ ಕವಾಟಗಳನ್ನು ಕಣ್ಣಾರೆ ನೋಡಿ ಕತ್ತರಿಸಿ ತೆಗೆಯುತ್ತೇವೆ. ಆಗ ಅದನ್ನು ತಿರುವದೆ, ಅಗಲ ತುದಿಯನ್ನೇ ಮೇಲಕ್ಕಿಟ್ಟು ಮಹಾಪಧಮನಿಗೆ ಜೋಡಿಸಬಹುದು. ಬಾಯಿ ಸಾಲದಿದ್ದರೆ ಎರಡೂ ಕಾಲಿನ ಅಭಿಧಮನಿಗಳ ಮೇಲ್ತುದಿ ಸೀಳಿ, ಪಕ್ಕಪಕ್ಕಕ್ಕೆ ಹೊಲಿದು ಚಡ್ಡಿಯ ಆಕಾರ ಮಾಡಿದರೆ ಆಯಿತು. ಮೇಲೆ 4-0, ಕೆಳಗೆ 5-0 ಪಾಲಿಪ್ರೊಪಿಲೀನ್ ದಾರ.

ಹೊಟ್ಟೆಯೊಳಗೆ ಹಳೇ ಗ್ರಾಫ್ಟಿಗೆ ಎಲ್ಲವೂ ಅಂಟಿಕೊಂಡಿರುತ್ತದೆ. ಮೂತ್ರನಾಳಕ್ಕೆ ಮೊದಲೇ ಸ್ಟೆಂಟ್ ಹಾಕಿದ್ದರೆ ಬೆರಳಿಗೆ ಸಿಗುತ್ತದೆ. ಮೂತ್ರಪಿಂಡದ ಅಪಧಮನಿಯ ಕೆಳಗೆ ಕ್ಲ್ಯಾಂಪಿಗೆ (ರಕ್ತ ತಡೆಯುವ ಇಕ್ಕಳ) ಜಾಗವಿಲ್ಲದಿದ್ದರೆ ಅಲ್ಲೇ ಗುದ್ದಾಡದೆ, ಕಿರು ಓಮೆಂಟಮ್ (ಜಠರಕ್ಕೂ ಯಕೃತ್ತಿಗೂ ನಡುವಿನ ತೆಳು ಪದರ) ಬಿಡಿಸಿ, ಇನ್ನೂ ಮೇಲಿರುವ ಸೀಲಿಯಾಕ್ ಅಪಧಮನಿಯ ಮೇಲ್ಗಡೆ ಮಹಾಪಧಮನಿಯನ್ನು ಹಿಡಿಯುವುದು ಸುರಕ್ಷಿತ. ಹಳೇ ಗ್ರಾಫ್ಟ್ ಒಳಸ್ಟೆಂಟ್ (ರಕ್ತನಾಳದ ಒಳಗಿನಿಂದ ಕೂರಿಸುವ ಲೋಹದ ಜಾಲರಿಯ ಗ್ರಾಫ್ಟ್) ಆಗಿದ್ದು, ಅದರ ಮೇಲ್ತುದಿಗೆ ಕೊಕ್ಕೆಗಳಿದ್ದರೆ ಎಳೆಯಬಾರದು, ಮಹಾಪಧಮನಿ ಹರಿಯುತ್ತದೆ. 20 ಮಿ.ಲೀ. ಸಿರಿಂಜಿನ ತುದಿ ಕತ್ತರಿಸಿ, ಆ ಕೊಳವೆಯನ್ನು ಸ್ಟೆಂಟಿನ ಮೇಲೆ ತಿರುಗಿಸುತ್ತಾ ಮೇಲಕ್ಕೆ ಜಾರಿಸಿದರೆ ಕೊಕ್ಕೆಗಳು ಒಳಗೆ ಮಡಚಿಕೊಳ್ಳುತ್ತವೆ.

ಗ್ರಾಫ್ಟಿನ ಚೂರೂ ಉಳಿಯಬಾರದು, ಹಳೇ ಹೊಲಿಗೆ ದಾರವೂ ಸೇರಿ. ಮಹಾಪಧಮನಿಯ ಗೋಡೆ ಗಟ್ಟಿಯಾಗಿ, ಆರೋಗ್ಯವಾಗಿ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ಸುತ್ತಲಿನ ಕೊಳೆತ ಅಂಗಾಂಶ ಕೆರೆದು, ಲೀಟರ್‌ಗಟ್ಟಲೆ ಸಲೈನ್‌ನಲ್ಲಿ ತೊಳೆಯಬೇಕು. ಯಾವ ಕೊಳವೆ ಹಾಕಿದಿರಿ ಎಂಬುದಕ್ಕಿಂತ ಫಲಿತಾಂಶವನ್ನು ಹೆಚ್ಚು ನಿರ್ಧರಿಸುವ ಹಂತ ಇದು. ದಣಿದ ತಂಡ ಅವಸರ ಮಾಡುವುದೂ ಇಲ್ಲೇ. ಲ್ಯಾಬಿಗೆ ಸ್ವಾಬ್ ಬೇಡ, ಗ್ರಾಫ್ಟಿನ ತುಂಡು ಮತ್ತು ಅಂಗಾಂಶ ಕಡೇಪಕ್ಷ ಮೂರು ಜಾಗದಿಂದ ಹೋಗಲಿ. ಟಿಬಿ ಮತ್ತು ಫಂಗಸ್ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಯಿರಿ. ಕೊನೆಗೆ ದೊಡ್ಡ ಓಮೆಂಟಮ್ (ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ) ಅನ್ನು ಅದರ ರಕ್ತನಾಳದ ಸಮೇತ ದೊಡ್ಡಕರುಳಿನ ಹಿಂದಿನಿಂದ ಕೆಳಗಿಳಿಸಿ ಹೊಸ ನಾಳಕ್ಕೆ ಸುತ್ತಬೇಕು. ಅಭಿಧಮನಿಗೂ ಡ್ಯುವೋಡಿನಮ್‌ಗೂ (ಸಣ್ಣಕರುಳಿನ ಮೊದಲ ಭಾಗ) ನಡುವೆ ಅದು ಇರಲೇಬೇಕು.

ಗ್ರಾಫ್ಟ್ ಕರುಳಿಗೆ ತೂತು ಮಾಡಿ ರಕ್ತವಾಂತಿ ಆಗುತ್ತಿರುವವರಿಗೆ ಇಷ್ಟು ಹೊತ್ತು ಇರುವುದಿಲ್ಲ. ಒಳಸ್ಟೆಂಟಿನಿಂದ ರಕ್ತಸ್ರಾವ ನಿಲ್ಲಿಸಿ, ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ತೆಗೆಯುವುದು ಒಂದು ದಾರಿ. ನೇರವಾಗಿ ತೆರೆದರೆ ಹಸುವಿನ ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ಹಾಳೆಯ ಕೊಳವೆ. 20 ಮಿ.ಮೀ. ವ್ಯಾಸದ ಕೊಳವೆಗೆ 63 ಮಿ.ಮೀ. ಸುತ್ತಳತೆ ಬೇಕು, ಹೊಲಿಗೆಯ ಅಂಚು ಬೇರೆ. ಅದೂ ಇಲ್ಲದಿದ್ದರೆ 1200 ಮಿ.ಗ್ರಾಂ. ರಿಫಾಂಪಿಸಿನ್ (ಟಿಬಿಗೂ ಕೊಡುವ ಆ್ಯಂಟಿಬಯಾಟಿಕ್) ಅನ್ನು 20 ಮಿ.ಲೀ. ಸಲೈನ್‌ನಲ್ಲಿ ಕರಗಿಸಿ, ಡೇಕ್ರಾನ್ ಅನ್ನು 15ರಿಂದ 30 ನಿಮಿಷ ನೆನೆಸಿ ಹಾಕುತ್ತೇವೆ. ಎಂಆರ್‌ಎಸ್‌ಎ (ಹಲವು ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್) ಅಥವಾ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾದ ಕೀವಿನಲ್ಲಿ ಅದರ ಮೇಲೆ ಭರವಸೆ ಇಡಬೇಡಿ.

ಐಸಿಯುನಲ್ಲಿ ಗಂಟೆಗೊಮ್ಮೆ ಮೀನಖಂಡ ಮುಟ್ಟಿ ನೋಡಬೇಕು. ಪಾದದ ಬೆರಳು ಬಗ್ಗಿಸಿದರೆ ಕಿರುಚುವಷ್ಟು ನೋವು, ಹೆಬ್ಬೆರಳು ಮತ್ತು ಎರಡನೇ ಬೆರಳಿನ ಸಂದಿನಲ್ಲಿ ಜೋಮು ಇದ್ದರೆ ತಡಮಾಡದೆ ಫ್ಯಾಸಿಯಾಟಮಿ (ಊದಿದ ಸ್ನಾಯುವಿನ ಒತ್ತಡ ಇಳಿಸಲು ಅದರ ಹೊದಿಕೆ ಸೀಳುವುದು). ಪಾದದ ನಾಡಿ ಇದೆಯಲ್ಲ ಎಂದು ಕಾಯುತ್ತಾ ಕೂತರೆ ಸ್ನಾಯು ಸಾಯುತ್ತದೆ.

ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 6 ವಾರ, ಆಮೇಲೆ 3ರಿಂದ 6 ತಿಂಗಳು ಮಾತ್ರೆ. ರಿಫಾಂಪಿಸಿನ್ ಒಂದನ್ನೇ ಕೊಡಬಾರದು, ಬೇಗ ಪ್ರತಿರೋಧ ಹುಟ್ಟುತ್ತದೆ. ಟಿಬಿ ಇಲ್ಲವೆಂದು ಖಾತ್ರಿಯಾಗುವ ಮೊದಲು ಕೊಡಲೇಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ರಿಫಾಂಪಿಸಿನ್‌ನಿಂದ ಐಎನ್‌ಆರ್ (ವಾರ್ಫರಿನ್‌ನ ಪರಿಣಾಮ ಅಳೆಯುವ ರಕ್ತಪರೀಕ್ಷೆಯ ಅಂಕಿ) ಕುಸಿಯುತ್ತದೆ, ಹಾಗಾಗಿ ವಾರವಾರವೂ ಪರೀಕ್ಷೆ ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಊರಿನ ವೈದ್ಯರಿಗೆಂದು ಕನ್ನಡದಲ್ಲೇ ಎರಡು ಸಾಲು ಬರೆಯುತ್ತೇವೆ: ಜ್ವರ ಬಂದರೆ ಕಲ್ಚರ್ ತೆಗೆಯದೆ ಆ್ಯಂಟಿಬಯಾಟಿಕ್ ಕೊಡಬೇಡಿ, ಮಲ ಕಪ್ಪಾದರೆ ಅಥವಾ ಒಂದು ಚಮಚ ರಕ್ತ ವಾಂತಿಯಾದರೂ ಅದೇ ದಿನ ಕಳಿಸಿ.