ಡಿಎಸ್‌ಸಿ ಅಲಾರ್ಮ್ ಪ್ಯಾನೆಲ್ ಮಾನಿಟರಿಂಗ್ ಸ್ಟೇಷನ್‌ಗೆ ಸರಿಯಾಗಿ ವರದಿ ಕಳಿಸಬೇಕಾದರೆ

ಅಮೆರಿಕ, ಕೆನಡಾದ ಹಳೆ ಮನೆಗಳಲ್ಲಿ ಡಿಎಸ್‌ಸಿ ಪವರ್‌ಸೀರೀಸ್ ಪ್ಯಾನೆಲ್ ಈಗಲೂ ಸಾಕಷ್ಟು ಸಿಗುತ್ತವೆ. ಪಿಸಿ1616, 1832, 1864 ಮೂರಕ್ಕೂ ಇಲ್ಲಿರುವ ಸೆಕ್ಷನ್ ನಂಬರ್‌ಗಳು (ಒಂದೊಂದು ಸೆಟ್ಟಿಂಗ್‌ಗೂ ಇರುವ ಮೂರಂಕಿಯ ಸಂಖ್ಯೆ) ಒಂದೇ. ಲ್ಯಾಂಡ್‌ಲೈನ್ ಮೂಲಕ ಕಾಂಟ್ಯಾಕ್ಟ್ ಐಡಿ ಫಾರ್ಮ್ಯಾಟ್‌ನಲ್ಲಿ (ಘಟನೆಯನ್ನು ಅಂಕಿಗಳ ಕೋಡ್ ಮಾಡಿ ಟೋನ್‌ಗಳಲ್ಲಿ ಕಳಿಸುವ ಪದ್ಧತಿ) ವರದಿ ಕಳಿಸುವುದನ್ನಷ್ಟೇ ಇಲ್ಲಿ ನೋಡೋಣ. ಶುರು ಮಾಡುವ ಮೊದಲು ಅಲಾರ್ಮ್‌ಗಳ ಮೇಲೆ ಕಣ್ಣಿಡುವ ಮಾನಿಟರಿಂಗ್ ಸ್ಟೇಷನ್‌ನವರಿಂದ ರಿಸೀವರ್‌ನ (ವರದಿ ಪಡೆಯುವ ಅವರ ಯಂತ್ರ) ಫೋನ್ ನಂಬರ್ ಮತ್ತು ನಾಲ್ಕು ಅಂಕಿಯ ಅಕೌಂಟ್ ನಂಬರ್ ತೆಗೆದುಕೊಳ್ಳಿ. ನಿಮ್ಮ ಅಕೌಂಟನ್ನು ‘ಟೆಸ್ಟ್’ನಲ್ಲಿ ಇಡಲು ಹೇಳಿ. ಇಲ್ಲದಿದ್ದರೆ ಮೊದಲ ಪರೀಕ್ಷೆಗೇ ಪೊಲೀಸರು ಬಾಗಿಲಿಗೆ ಬಂದಾರು.

ಪ್ಯಾನೆಲ್ ಬೇರೆ ಕಂಪನಿಯವರು ಹಾಕಿದ್ದಾದರೆ ಪವರ್ ತೆಗೆದು ಮತ್ತೆ ಕೊಟ್ಟು ಕಿವಿಗೊಡಿ. ಫೋನ್ ರಿಲೇ ಸುಮಾರು ಹತ್ತು ಸಲ ಟಕಟಕ ಎಂದರೆ ಇನ್‌ಸ್ಟಾಲರ್ ಲಾಕೌಟ್ (ಬೇರೆಯವರು ಸೆಟ್ಟಿಂಗ್ ಬದಲಿಸದಂತೆ ಬೀಗ) ಹಾಕಿದ್ದಾರೆ ಎಂದರ್ಥ. ಅವರ ಇನ್‌ಸ್ಟಾಲರ್ ಕೋಡ್ ಗೊತ್ತಿಲ್ಲದೆ ಮುಂದೆ ಹೋಗಲಾಗದು, ಫ್ಯಾಕ್ಟರಿ ಡಿಫಾಲ್ಟ್ ಕೂಡ ಆಗದು.

ವೈರಿಂಗ್ ಸರಳ, ಆದರೆ ತಪ್ಪುವುದು ಇಲ್ಲೇ. ಹೊರಗಿನ ಲೈನ್‌ನ ಎರಡು ತಂತಿ ಪ್ಯಾನೆಲ್‌ನ ಟಿಪ್ ಮತ್ತು ರಿಂಗ್ ಟರ್ಮಿನಲ್‌ಗೆ ಬರಬೇಕು (ಹಸಿರು, ಕೆಂಪು). ಮನೆಯ ಫೋನ್‌ಗಳೆಲ್ಲ ಟಿ-1, ಆರ್-1ರಿಂದ ಹೊರಡಬೇಕು (ಕಂದು, ಬೂದು). ಆಗ ಅಲಾರ್ಮ್ ಹೊತ್ತಿನಲ್ಲಿ ಪ್ಯಾನೆಲ್ ಮನೆಯ ಫೋನ್‌ಗಳನ್ನು ಕತ್ತರಿಸಿ ಲೈನ್ ಹಿಡಿಯುತ್ತದೆ. ಬರೀ ಪ್ಯಾರಲಲ್ ಆಗಿ ಜೋಡಿಸಿದ್ದರೆ ಯಾರಾದರೂ ಮನೆಯ ಫೋನ್ ಎತ್ತಿಟ್ಟರೂ ಸಾಕು, ವರದಿ ಹೋಗದು. ಅದೇ ಲೈನ್‌ನಲ್ಲಿ ಡಿಎಸ್‌ಎಲ್ ಇಂಟರ್‌ನೆಟ್ ಇದ್ದರೆ ಫಿಲ್ಟರ್ ಪ್ಯಾನೆಲ್‌ಗಿಂತ ಮುಂಚೆ ಇರಬೇಕು.

ಈಗ ಕೀಪ್ಯಾಡ್. *8 ಒತ್ತಿ ಇನ್‌ಸ್ಟಾಲರ್ ಕೋಡ್ ಕೊಡಿ. ಬದಲಾಯಿಸಿರದಿದ್ದರೆ ಅದು 5555.

301ರಲ್ಲಿ ಫೋನ್ ನಂಬರ್ ಹಾಕಿ #. ಮೊದಲ ಸ್ಥಾನದಲ್ಲಿ ಡಯಲ್ ಟೋನ್‌ಗೆ ಕಾಯುವ ಡಿ ಆಗಲೇ ಇರುತ್ತದೆ, ಅದನ್ನು ಅಳಿಸಬೇಡಿ. ಏರಿಯಾ ಕೋಡ್ ಸಮೇತ ಪೂರ್ತಿ ಹತ್ತು ಅಂಕಿ ಹಾಕಿ. ಅಮೆರಿಕದಲ್ಲಿ ಆತ್ಮಹತ್ಯೆ ತಡೆಯ 988 ಸಹಾಯವಾಣಿಗಾಗಿ 2021ರ ಅಕ್ಟೋಬರ್ 24ರಿಂದ 82 ಏರಿಯಾ ಕೋಡ್‌ಗಳಲ್ಲಿ ಏಳಂಕಿಯ ಡಯಲಿಂಗ್ ನಿಂತಿತು. ಅಲ್ಲೆಲ್ಲ ಏಳಂಕಿ ಹಾಕಿಟ್ಟ ಪ್ಯಾನೆಲ್ ಡಯಲ್ ಮಾಡಿದರೂ ಕರೆ ಸೇರದು. ಆಫೀಸಿನ ಲೈನ್‌ಗೆ ಮೊದಲು 9 ಬೇಕಿದ್ದರೆ ಅದರ ನಂತರ *5* ಒತ್ತಿ, ಎರಡು ಸೆಕೆಂಡ್ ವಿರಾಮ ಸಿಗುತ್ತದೆ.

ಅಕೌಂಟ್ ನಂಬರ್ ಎರಡು ಕಡೆ ಬೇಕು. 310 ಇಡೀ ಸಿಸ್ಟಮ್‌ನದು, ಬ್ಯಾಟರಿಯಂಥ ತೊಂದರೆಗಳು ಅದರ ಹೆಸರಲ್ಲಿ ಹೋಗುತ್ತವೆ. ಅದಕ್ಕೆ ಆರು ಸ್ಥಾನ, ಹಾಗಾಗಿ ನಾಲ್ಕು ಅಂಕಿಯ ಕೊನೆಗೆ ಎರಡು ಎಫ್. 311 ಮೊದಲ ಪಾರ್ಟಿಷನ್‌ನದು (ಪಾರ್ಟಿಷನ್ ಎಂದರೆ ಬೇರೆಯಾಗಿ ಆನ್, ಆಫ್ ಮಾಡಬಹುದಾದ ಭಾಗ). ಬಹಳ ಜನ ಎಡವುವುದು ಸೊನ್ನೆಯಲ್ಲಿ: ಬರೀ 0 ಒತ್ತಿದರೆ ಈ ಪ್ಯಾನೆಲ್ ಆ ಸ್ಥಾನಕ್ಕೆ ಏನನ್ನೂ ಕಳಿಸದು. ಸೊನ್ನೆ ಬೇಕಾದಲ್ಲಿ ಹೆಕ್ಸ್ ಎ (ಅಂಕಿಯ ಜಾಗದಲ್ಲಿ ಹಾಕುವ ಅಕ್ಷರ), ಅಂದರೆ *1*. ಅಕೌಂಟ್ 4072 ಆದರೆ ಒತ್ತಬೇಕಾದ್ದು 4, *1*, 7, 2.

350ರಲ್ಲಿ 03 03, ಇದು ಕಾಂಟ್ಯಾಕ್ಟ್ ಐಡಿ. 04 ಹಾಕಿದರೆ ಎಸ್‌ಐಎ ಎಂಬ ಬೇರೆ ಫಾರ್ಮ್ಯಾಟ್ ಆಗುತ್ತದೆ. 380ರಲ್ಲಿ 1ನೇ ದೀಪ ಉರಿಯುತ್ತಿರಬೇಕು, ಆರಿದ್ದರೆ ಸಂವಹನವೇ ಬಂದ್. 381ರಲ್ಲಿ 7ನೆಯದು ಆರಿರಲಿ. ಆಗ ಈವೆಂಟ್ ಕೋಡ್‌ಗಳನ್ನು ಪ್ಯಾನೆಲ್ ತಾನೇ ಹಾಕಿಕೊಳ್ಳುತ್ತದೆ, ಝೋನ್‌ಗೊಂದು (ಝೋನ್ ಎಂದರೆ ಬಾಗಿಲು, ಕಿಟಕಿಯಂಥ ಒಂದು ಸೆನ್ಸರ್ ಜಾಗ) ಕೋಡ್ ತುಂಬುವ ಕೆಲಸ ತಪ್ಪುತ್ತದೆ. 351, 375, 376 ತೆರೆದು 1ನೇ ದೀಪ ನೋಡಿ: ಅಲಾರ್ಮ್, ತಾಂತ್ರಿಕ ತೊಂದರೆ, ಟೆಸ್ಟ್ ಈ ಮೂರೂ ಮೊದಲ ನಂಬರ್‌ಗೆ ಹೋಗುವಂತಿರಬೇಕು. ಮನೆಯವರು ಆನ್, ಆಫ್ ಮಾಡಿದ್ದು ಕೂಡ ಹೋಗಬೇಕಿದ್ದರೆ 367. ಮನೆಗೆ ಅದು ಬೇಡ ಎಂದೇ ನಮ್ಮ ಸಲಹೆ, ಅಂಗಡಿಗಾದರೆ ಬೇಕು. ನಿಗದಿತ ಟೆಸ್ಟ್ ಕರೆಯ ಸಮಯ 378ರಲ್ಲಿ, 24 ಗಂಟೆಯ ಲೆಕ್ಕದಲ್ಲಿ ನಾಲ್ಕು ಅಂಕಿ. ಹೊರಬರಲು #.

ಟೆಸ್ಟ್‌ಗೆ *6, ಮಾಸ್ಟರ್ ಕೋಡ್, 4. ಆಮೇಲೆ ಸಿಸ್ಟಮ್ ಆನ್ ಮಾಡಿ ಒಂದೊಂದೇ ಝೋನ್ ತೆರೆಯಿರಿ. ಲೈನ್‌ಮನ್ ಫೋನನ್ನು (ಲೈನ್ ಪರೀಕ್ಷಿಸುವ ಫೋನ್) ಟಿಪ್, ರಿಂಗ್ ಮೇಲೆ ಮಾನಿಟರ್ ಮೋಡ್‌ನಲ್ಲಿ ಹಿಡಿದರೆ ಇಡೀ ಸಂಭಾಷಣೆ ಕೇಳುತ್ತದೆ: ಡಯಲಿಂಗ್, ರಿಸೀವರ್‌ನಿಂದ 1400 ಮತ್ತು 2300 ಹರ್ಟ್ಸ್‌ನ ಎರಡು ಚಿಕ್ಕ ಪೀಪ್, ಪ್ಯಾನೆಲ್‌ನ ಟೋನ್‌ಗಳ ಸುರಿಮಳೆ, ಕೊನೆಗೆ ಉದ್ದದ ಒಂದು 1400 ಹರ್ಟ್ಸ್ ಟೋನ್. ಆ ಕೊನೆಯ ಟೋನನ್ನು ಕಿಸ್‌ಆಫ್ ಎನ್ನುತ್ತಾರೆ; ಅದು ಬರದಿದ್ದರೆ ಪ್ಯಾನೆಲ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ.

ಹೋಗುವ ಸಂದೇಶ ಹೀಗಿರುತ್ತದೆ: 1234 18 1131 01 003 1. ಅಕೌಂಟ್ 1234, 18 ಫಾರ್ಮ್ಯಾಟ್‌ನ ಗುರುತು, 1 ಹೊಸ ಘಟನೆ (3 ಆದರೆ ಸರಿಹೋಯಿತು ಎಂದು), 131 ಹೊರಬಾಗಿಲು, ಕಿಟಕಿಗಳ ಅಲಾರ್ಮ್, ಪಾರ್ಟಿಷನ್ 01, ಝೋನ್ 003. ಕೊನೆಯದು ಚೆಕ್‌ಸಮ್, ಸಂದೇಶ ಸರಿಯಾಗಿ ಬಂದಿತೇ ಎಂದು ತಾಳೆ ನೋಡುವ ಅಂಕಿ: ಸೊನ್ನೆಗೆ 10 ಎಂದು ಹಿಡಿದು ಎಲ್ಲ ಅಂಕಿ ಕೂಡಿದರೆ 59, ಮುಂದಿನ 15ರ ಗುಣಕ 60, ಹಾಗಾಗಿ 1. ಒಂದೇ ಟೋನ್ ಕೆಟ್ಟರೂ ರಿಸೀವರ್ ಕಿಸ್‌ಆಫ್ ಕೊಡದಿರುವುದು ಇದರಿಂದಲೇ. ಇಂಟರ್‌ನೆಟ್ ಫೋನ್ ಲೈನ್‌ಗಳಲ್ಲಿ ಆಗುವ ತೊಂದರೆಯೂ ಇದೇ: ಧ್ವನಿಯನ್ನು ಹಿಂಡಿ ಕಳಿಸುವ ಜಿ.729ರಂಥ ಕಂಪ್ರೆಷನ್ ಇದ್ದರೆ ಮಾತು ಸ್ಪಷ್ಟ ಕೇಳಿದರೂ ಟೋನ್ ವಿಕಾರವಾಗುತ್ತದೆ. ಅಷ್ಟು ಹಿಂಡದ ಜಿ.711 ಇದ್ದರೆ ಪರವಾಗಿಲ್ಲ, ಆದರೂ ಕರೆಂಟ್ ಹೋದಾಗ ರೌಟರ್ ಸತ್ತರೆ ಲೈನೂ ಸತ್ತಂತೆ. ಅಂಥ ಮನೆಗೆ ಮೊಬೈಲ್ ಜಾಲದ ಮೂಲಕ ವರದಿ ಕಳಿಸುವ ಸೆಲ್ಯುಲರ್ ಕಮ್ಯುನಿಕೇಟರ್ ಹಾಕಿ.

ವರದಿ ಹೋಗದಿದ್ದಾಗ *2 ಒತ್ತಿ. 3ನೇ ದೀಪ ಎಂದರೆ ಫೋನ್ ಲೈನೇ ಇಲ್ಲ, ಮೀಟರ್‌ನಲ್ಲಿ ಸುಮಾರು 48 ವೋಲ್ಟ್ ಬರುತ್ತಿದೆಯೇ ನೋಡಿ. 4 ಎಂದರೆ ಡಯಲ್ ಆಯಿತು, ಕಿಸ್‌ಆಫ್ ಸಿಗಲಿಲ್ಲ: ನಂಬರ್, ಫಾರ್ಮ್ಯಾಟ್, ಲೈನ್‌ನ ಗದ್ದಲ, ಈ ಕ್ರಮದಲ್ಲಿ ಹುಡುಕಿ. 8 ಎಂದರೆ ಪ್ಯಾನೆಲ್‌ನ ಗಡಿಯಾರದ ಸಮಯ ಅಳಿಸಿಹೋಗಿದೆ. *6, ಮಾಸ್ಟರ್ ಕೋಡ್, 1 ಒತ್ತಿ ಹೊಂದಿಸದಿದ್ದರೆ ಟೆಸ್ಟ್ ಕರೆ ಅಪವೇಳೆಯಲ್ಲಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಸ್ಟೇಷನ್‌ನವರಿಂದ ಬಂದ ಸಿಗ್ನಲ್‌ಗಳನ್ನು ಝೋನ್ ಹೆಸರಿನ ಸಮೇತ ಓದಿಸಿ. ಅವರ ಪಟ್ಟಿಯಲ್ಲಿ 3 ಅಡುಗೆಮನೆ ಕಿಟಕಿ, ನಿಮ್ಮಲ್ಲಿ ಹಿಂಬಾಗಿಲು ಎಂದಾಗಿದ್ದರೆ ಈಗಲೇ ಸರಿಮಾಡಿಸಿ. ಆಮೇಲೆ ಅಕೌಂಟನ್ನು ಟೆಸ್ಟ್‌ನಿಂದ ತೆಗೆಸಿ.